ಮಧುಗಿರಿಯ ಮಂಚ, ದೊಡೊಮಾದ ಹುಡುಗಿ

ಮುನ್ನೂರು ಬೋಳು ತಲೆಗಳು. ಟಾಂಜಾನಿಯಾ ದೇಶದ ದೊಡೊಮಾ ಊರಿನಲ್ಲಿ ಹೆಣ್ಣುಮಕ್ಕಳ ಹೈಸ್ಕೂಲೊಂದರ ಅಂಗಳಕ್ಕೆ ಮೊದಲ ಬೆಳಿಗ್ಗೆ ಕಾಲಿಟ್ಟಾಗ ನನ್ನ ಕಣ್ಣಿಗೆ ಬಿದ್ದದ್ದು ಅವೇ. ಪ್ರಾರ್ಥನೆಗೆ ಸಾಲಾಗಿ ನಿಂತ ಹುಡುಗಿಯರು, ಬಿಳಿ ಅಂಗಿ, ನೀಲಿ ಲಂಗ, ಅದರ ಮೇಲೆ ಎಳೆಬಿಸಿಲಿಗೆ ಮಿರುಗುವ ನುಣ್ಣನೆ ತಲೆ. ನಮ್ಮ ಕಡೆ ಹರೆಯದ ಹುಡುಗಿಯ ತಲೆ ಬೋಳಾಗಿದ್ದರೆ ಒಂದೋ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದಿರಬೇಕು, ಇಲ್ಲವೇ ಮೈಗೆ ಏನೋ ಕಾಯಿಲೆ ಇರಬೇಕು. ಇಲ್ಲಿ ನೋಡಿದರೆ ಊರಿಗೆ ಊರೇ ತಿರುಪತಿಗೆ ಹೋಗಿಬಂದಂತಿತ್ತು. ನಾನು ನನ್ನ ಜಡೆಯನ್ನು ಮೆಲ್ಲಗೆ ಸೆರಗಿನೊಳಕ್ಕೆ ಸರಿಸಿಕೊಂಡೆ.

ಅಷ್ಟರಲ್ಲಿ ಮುನ್ನೂರು ಬಾಯಿಗಳೂ ಒಟ್ಟಿಗೆ "ಶಿಕಾಮೋ, ಮ್ವಾಲಿಮು" ಎಂದವು. ಮ್ವಾಲಿಮು ಎಂದರೆ ಪಾಠ ಹೇಳುವವರು. ಶಿಕಾಮೋ ಎಂದರೆ ‘ನಿಮ್ಮ ಕಾಲು ಹಿಡಿಯುತ್ತೇನೆ’ ಎಂದು ಹಿರಿಯರು ಅರ್ಥ ಬಿಡಿಸುತ್ತಾರೆ. ಕಿರಿಯರು ಹೇಳಬೇಕು, ದೊಡ್ಡವರು "ಮರಹಬಾ" ಎಂದು ಒಪ್ಪಿಕೊಳ್ಳಬೇಕು. ನನಗೆ ಅದೆಲ್ಲ ತಿಳಿಯದೆ ಕೈಮುಗಿದು "ನಮಸ್ಕಾರ" ಎಂದೆ. ಮುಖ್ಯೋಪಾಧ್ಯಾಯಿನಿ ನಕ್ಕರು. ತಲೆ ಯಾಕೆ ಬೋಳಿಸುತ್ತೀರಿ ಎಂದು ಕೇಳಿದ್ದಕ್ಕೆ, ಕೂದಲಿಗೆ ಹೋಗುವ ಹೊತ್ತು ಪುಸ್ತಕಕ್ಕೆ ಹೋಗಲಿ ಎಂದರು. ನನಗೆ ನಮ್ಮ ಹೈಸ್ಕೂಲು ನೆನಪಾಯಿತು. ಅಲ್ಲಿ ಎರಡು ಜಡೆ ಹೆಣೆದು ಕೆಂಪು ಟೇಪು ಕಟ್ಟದೆ ಬಂದರೆ ಬಿಸಿಲಲ್ಲಿ ನಿಲ್ಲಿಸುತ್ತಿದ್ದರು. ಶಿಸ್ತು ಕಲಿಸುವವರಿಗೆ ಯಾವ ದೇಶದಲ್ಲಾದರೂ ಮೊದಲು ಕೈಗೆ ಸಿಗುವುದು ಹೆಣ್ಣುಮಕ್ಕಳ ತಲೆಯೇ ಇರಬೇಕು.

ನನ್ನ ಹೆಸರು ರತ್ನ. ಹುಟ್ಟಿದ್ದು ಪಾವಗಡ ತಾಲ್ಲೂಕಿನ ರಾಯಚರ್ಲು. ಪಿಯುಸಿ ಓದಿದ್ದು ಮಧುಗಿರಿಯಲ್ಲಿ, ಅಕ್ಕನ ಮನೆಯಲ್ಲಿದ್ದುಕೊಂಡು. ಆಮೇಲೆ ಇಪ್ಪತ್ತು ವರ್ಷ ಶಿರಾದಲ್ಲೂ ಕೊರಟಗೆರೆಯಲ್ಲೂ ಕೆಮಿಸ್ಟ್ರಿ ಪಾಠ ಹೇಳಿದೆ. ಮದುವೆ ಆಗಲಿಲ್ಲ, ಆಗಲಿಲ್ಲ ಅಷ್ಟೇ, ಅದರ ಹಿಂದೆ ಕಥೆಯೇನೂ ಇಲ್ಲ. ಎರಡು ವರ್ಷದ ಹಿಂದೆ ನಾನಿದ್ದ ಕೊರಟಗೆರೆ ಕಡೆಯ ಖಾಸಗಿ ಕಾಲೇಜಿನವರು ಆಫ್ರಿಕಾದಿಂದ ನರ್ಸಿಂಗ್ ವಿದ್ಯಾರ್ಥಿಗಳನ್ನು ಕರೆತರಬೇಕೆಂದು ಹೊರಟರು. ಅಲ್ಲೇ ಇದ್ದು ಶಾಲೆಗಳಿಗೆ ಹೋಗಿ ಮಕ್ಕಳನ್ನು ಆರಿಸುವುದಕ್ಕೆ ಯಾರು ಹೋಗುತ್ತೀರಿ ಎಂದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ಫ್ಯಾನು ನೋಡತೊಡಗಿದರು. ನಾನು ಕೈಯೆತ್ತಿದೆ.

ದೊಡೊಮಾ ನೋಡಿದರೆ ಮಧುಗಿರಿ ಬೆಟ್ಟವನ್ನು ಯಾರೋ ಒಡೆದು ಚೂರುಮಾಡಿ ಬಯಲಿಗೆಲ್ಲ ಎರಚಿದ ಹಾಗಿದೆ. ಹೋದಲ್ಲೆಲ್ಲ ಬಂಡೆ, ಕುರುಚಲು, ಕೆಂಪು ಧೂಳು. ಊರಾಚೆ ಹೋದರೆ ಸಜ್ಜೆ, ಜೋಳ, ಮತ್ತೆ ಕಡಲೆಕಾಯಿ. ನಮ್ಮೂರ ಹೊಲಗಳನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟ ಮೇಲೆ ಅಲ್ಲಿ ಕಡಲೆಕಾಯಿ ಗಿಡ ಕಾಣುತ್ತಿರಲಿಲ್ಲ. ದಿಗಂತದವರೆಗೂ ಬಿಸಿಲಿಗೆ ಮುಖವೊಡ್ಡಿದ ಗಾಜಿನ ಹಲಗೆಗಳೇ. ಹಸಿ ಕಡಲೆಕಾಯಿ ಗಿಡ ಕಿತ್ತು ಮಣ್ಣು ಕೊಡವುವುದನ್ನು ಮತ್ತೆ ನೋಡಲು ನಾನು ಸಮುದ್ರ ದಾಟಿ ಬರಬೇಕಾಯಿತು. ಮೊದಲ ಸಲ ನೋಡಿದಾಗ ಬಸ್ಸಿನ ಕಿಟಕಿಯಲ್ಲಿ ಕೂತು ಸುಮ್ಮನೆ ನಕ್ಕೆ.

ಮನೆ ಸಿಕ್ಕಿದ್ದು ಮ್ಜೇ ಸಯೀದಿ ಅವರ ವಠಾರದಲ್ಲಿ. ಮ್ಜೇ ಎಂದರೆ ನಮ್ಮಲ್ಲಿ ಯಜಮಾನರು ಅಂದಂತೆ. ಅವರು ನಿವೃತ್ತ ಗಣಿತದ ಮೇಷ್ಟ್ರು, ಹೆಂಡತಿ ತೀರಿಕೊಂಡಿದ್ದಾರೆ, ಸಂಜೆ ಹಜಾರದಲ್ಲಿ ಕೂತು ಹಳೆಯ ರೇಡಿಯೋ ಬಿಚ್ಚಿ ಜೋಡಿಸುತ್ತಾರೆ. ಮೊದಲ ದಿನವೇ, ನಾಳೆ ಮೂರು ಗಂಟೆಗೆ ನೀರಿನ ಟ್ಯಾಂಕರು ಬರುತ್ತದೆ, ಬಕೆಟ್ ಇಟ್ಟುಕೊಂಡಿರಿ ಎಂದರು. ಮಾರನೆಯ ದಿನ ಮಧ್ಯಾಹ್ನ ಮೂರಕ್ಕೆ ನಾನು ನಾಲ್ಕು ಬಕೆಟ್ ಸಾಲಾಗಿಟ್ಟು ಬಿಸಿಲಲ್ಲಿ ನಿಂತೆ. ಟ್ಯಾಂಕರು ಬೆಳಿಗ್ಗೆ ಒಂಬತ್ತಕ್ಕೇ ಬಂದು ಹೋಗಿತ್ತು. ಇಲ್ಲಿಯವರು ಹೊತ್ತು ಹುಟ್ಟಿದಾಗಿಂದ ಗಂಟೆ ಎಣಿಸುತ್ತಾರೆ. ಬೆಳಿಗ್ಗೆ ಏಳು ಎಂದರೆ ಒಂದು, ಒಂಬತ್ತು ಎಂದರೆ ಮೂರು. ಆವತ್ತೇ ನನಗೆ ಬುದ್ಧಿ ಬರಬೇಕಿತ್ತು, ಇಲ್ಲಿ ಅಂಕಿ ಕಂಡಾಗ ಒಮ್ಮೆ ನಿಂತು ಕೇಳಬೇಕು ಎಂದು. ಬರಲಿಲ್ಲ.

ಊಟಕ್ಕೆ ತೊಂದರೆಯಾಗಲಿಲ್ಲ. ಉಗಾಲಿ ಎಂಬುದು ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಬಣ್ಣ ಮಾತ್ರ ಬಿಳಿ. ಜೊತೆಗೆ ಮ್ಲೆಂಡಾ ಎಂಬ ಸೊಪ್ಪು, ಬೆಂಡೆಕಾಯಿಗಿಂತ ಹೆಚ್ಚು ಜಾರುತ್ತದೆ, ಕಡಲೆಬೀಜದ ಪುಡಿ ಹಾಕಿರುತ್ತಾರೆ. ಉಗಾಲಿಯನ್ನು ಅವರು ಅಗಿಯುತ್ತಾರೆ. ನಾನು ಮುದ್ದೆಯ ಹಾಗೆ ಅದ್ದಿ ನುಂಗಿದ್ದನ್ನು ನೋಡಿ ಹೋಟೆಲಿನ ಹೆಂಗಸು ಗಾಬರಿಯಿಂದ ನೀರು ತಂದುಕೊಟ್ಟಳು.

ಕಷ್ಟವಾದದ್ದು ಬೇರೆ. ಸಂತೆಯಲ್ಲಿ ಕಡಲೆಬೀಜ ಮಾರುವ ಮುದುಕಿ ಮೊದಲ ವಾರ ನನ್ನನ್ನು ನೋಡಿ "ಮಾಮಾ ನಾನಿ?" ಎಂದು ಕೇಳಿದಳು. ಮಾಮಾ ಎಂದರೆ ಇಲ್ಲಿ ಅಮ್ಮ; ಅವಳು ಕೇಳಿದ್ದು ‘ಯಾರ ಅಮ್ಮ ನೀನು?’ ಎಂದು. ಹೆಂಗಸು ಒಂದು ಮಗುವಿನ ತಾಯಿಯಾದ ಮೇಲೆ ಅವಳ ಸ್ವಂತ ಹೆಸರನ್ನು ಯಾರೂ ಹಿಡಿದು ಕರೆಯುವುದಿಲ್ಲ. ಮಾಮಾ ಆಶಾ, ಮಾಮಾ ಜಾನ್. ನಮ್ಮೂರಲ್ಲೂ ಮಂಜನ ಅವ್ವ, ಗಂಗೀ ಅವ್ವ ಎನ್ನುತ್ತೇವಲ್ಲ, ಹಾಗೆ. ಮಕ್ಕಳಿಲ್ಲ ಎಂದೆ. ಮುದುಕಿ "ಪೋಲೆ" ಎಂದು ಒಂದು ಹಿಡಿ ಬೀಜ ಹೆಚ್ಚಿಗೆ ಹಾಕಿದಳು. ಪೋಲೆ ಎಂದರೆ ‘ಅಯ್ಯೋ ಪಾಪ, ನಿನ್ನ ಕಷ್ಟ ನನ್ನದೂ ಹೌದು’ ಎಂಬ ಅರ್ಥ. ಊರಲ್ಲಿ ಯಾರಾದರೂ ಹಾಗೆ ಅಂದಿದ್ದರೆ ಜಗಳ ಆಡುತ್ತಿದ್ದೆ. ಇಲ್ಲಿ ಬೀಜ ಇಸಿದುಕೊಂಡು ಮನೆಗೆ ಬಂದೆ, ಆ ಸಂಜೆ ಮಾತ್ರ ಯಾಕೋ ಒಂಟಿ ಅನ್ನಿಸಿತು.

ಕೆಲಸದಲ್ಲಿ ಮಾತ್ರ ನಾನು ಹುಲಿ ಎಂದುಕೊಂಡಿದ್ದೆ. ಇಲ್ಲಿ ಏಳು ವರ್ಷ ಪ್ರೈಮರಿ, ಪೂರ್ತಿ ಸ್ವಾಹಿಲಿಯಲ್ಲಿ. ಆಮೇಲೆ ಫಾರಂ ಒಂದು ಎಂಬ ತರಗತಿಗೆ ಬಂದ ದಿನದಿಂದ ಎಲ್ಲವೂ ಇಂಗ್ಲಿಷ್. ನಾಲ್ಕನೇ ಫಾರಂ ಮುಗಿದಾಗ ನಮ್ಮ ಹತ್ತನೇ ಕ್ಲಾಸಿನಂತೆ ದೊಡ್ಡ ಪರೀಕ್ಷೆ. ಅದರಲ್ಲಿ ಗೆದ್ದವರಿಗೆ ಐದು, ಆರನೇ ಫಾರಂ, ಅಂದರೆ ನಮ್ಮ ಪಿಯುಸಿ. ಫಾರಂ ಒಂದರ ಕೋಣೆಯಲ್ಲಿ ಬಾಯಿ ಹೊಲಿದುಕೊಂಡಂತೆ ಕೂತ ಮಕ್ಕಳನ್ನು ಕಂಡಾಗ ನನ್ನದೇ ಹಳೆಯ ಬೆಂಚು ನೆನಪಾಯಿತು. ಕನ್ನಡ ಮೀಡಿಯಂ ಓದಿ ಮಧುಗಿರಿಯಲ್ಲಿ ಪಿಯುಸಿ ಸೈನ್ಸಿಗೆ ಸೇರಿದ ವರ್ಷ ನಾನೂ ಹಾಗೆಯೇ ಕೂತಿದ್ದೆ. ಒಮ್ಮೆ ಲೆಕ್ಚರರು ಬೋರ್ಡಿನ ಮೇಲೆ ಸಮೀಕರಣವನ್ನು ತಪ್ಪು ಬರೆದರು. ನನಗೆ ಕಂಡಿತು. ದೊಡ್ಡವರಿಗೆ ಎದುರಾಡಬಾರದು ಎಂದು ಸುಮ್ಮನಿದ್ದೆ, ಪರೀಕ್ಷೆಯಲ್ಲೂ ಅವರು ಬರೆದ ಹಾಗೆಯೇ ಬರೆದೆ. ಮಾರ್ಕ್ಸ್ ಹೋಯಿತು, ಒಳ್ಳೆಯ ಹುಡುಗಿ ಎಂಬ ಹೆಸರು ಉಳಿಯಿತು.

ಫಾರಂ ಆರರ ಫಲಿತಾಂಶ ಬಂದ ತಿಂಗಳು ಹತ್ತಾರು ಅರ್ಜಿಗಳು ಬಂದವು. ನಮ್ಮ ಕಾಲೇಜು ವರ್ಷಕ್ಕೊಬ್ಬರಿಗೆ ಫೀಸಿಲ್ಲದ ಸೀಟು ಕೊಡುತ್ತದೆ, ಎಲ್ಲರ ಕಣ್ಣೂ ಅದರ ಮೇಲೆ. ಅರ್ಜಿಯಲ್ಲಿ ಎರಡೇ ಮುಖ್ಯ ವಿಷಯ: ಎಷ್ಟನೇ ಡಿವಿಷನ್, ಎಷ್ಟು ಪಾಯಿಂಟ್. ಫಸ್ಟ್ ಡಿವಿಷನ್ ಎಂದರೆ ಫಸ್ಟ್ ಕ್ಲಾಸು, ಅದು ಸರಿ. ಆ ಫಸ್ಟ್ ಡಿವಿಷನ್ನಿನವರನ್ನೇ ತೆಗೆದುಕೊಂಡು, ನಮ್ಮ ಮೆರಿಟ್ ಲಿಸ್ಟಿನ ಹಾಗೆ, ಪಾಯಿಂಟ್ ಹೆಚ್ಚಿದ್ದವರನ್ನು ಮೇಲಕ್ಕೆ, ಕಡಿಮೆಯಿದ್ದವರನ್ನು ಕೆಳಕ್ಕೆ ಜೋಡಿಸಿದೆ. ಒಂಬತ್ತು ಬಂದ ಎಮ್ಯಾನುಯೆಲ್ ಎಂಬ ಹುಡುಗ ಮೇಲೆ ಬಂದ. ನಾಲ್ಕು ಬಂದ ನೀಮಾ ಎಂಬ ಹುಡುಗಿ ಎಲ್ಲರಿಗಿಂತ ಕೆಳಗೆ ಹೋದಳು. ಲಿಸ್ಟು ಕಳಿಸಿದೆ, ಹುಡುಗನಿಗೆ ಕಾಲೇಜಿನಿಂದ ಪತ್ರವೂ ಬಂತು.

ಒಂದು ಶುಕ್ರವಾರ ನೀಮಾ ತಾಯಿಯ ಜೊತೆ ಬಂದಳು. ಕೊಂಡೋವಾ ರಸ್ತೆಯ ಹಳ್ಳಿಯವರು, ಕಡಲೆಕಾಯಿ ಬೆಳೆಯುವ ಮನೆ. ಶಾಲೆ ಮುಗಿದು ಸ್ವಲ್ಪವೇ ಕೂದಲು ಬೆಳೆದಿತ್ತು, ಮುಖ ನೋಡದೆ ಮಾತಾಡುವ ಹುಡುಗಿ. ಸೀಟು ಏನಾಯಿತು ಎಂದು ತಾಯಿ ಕೇಳಿದರು. ನಾನು ಇಪ್ಪತ್ತು ವರ್ಷದ ಅಭ್ಯಾಸಬಲದಿಂದ ಕನ್ನಡಕ ಮೇಲೇರಿಸಿ, "ಪಾಯಿಂಟ್ ಸಾಲದಮ್ಮ. ಇನ್ನೂ ಚೆನ್ನಾಗಿ ಓದಬೇಕಿತ್ತು" ಎಂದೆ. ನೀಮಾ ತಲೆಯೆತ್ತಿ ನನ್ನನ್ನು ಒಂದು ಗಳಿಗೆ ನೋಡಿದಳು. ತುಟಿ ಅಲುಗಿತು. ಆಮೇಲೆ "ಸರಿ, ಮ್ವಾಲಿಮು" ಎಂದು ಮತ್ತೆ ನೆಲ ನೋಡಿದಳು. ತಾಯಿ ತಂದಿದ್ದ ಹುರಿದ ಕಡಲೆಕಾಯಿ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಮಂಡಿ ಬಾಗಿಸಿ ವಂದಿಸಿ ಹೋದರು.

ಆ ಕಡಲೆಕಾಯಿಯನ್ನು ನಾನೂ ಮ್ಜೇ ಸಯೀದಿಯವರೂ ಮಾರನೆಯ ಸಂಜೆ ಹಜಾರದಲ್ಲಿ ಕೂತು ಸುಲಿದು ತಿನ್ನುತ್ತಿದ್ದೆವು. ಸೀಟು ಯಾರಿಗಾಯಿತು ಎಂದರು. ಒಂಬತ್ತು ಪಾಯಿಂಟಿನ ಹುಡುಗನಿಗೆ, ಎಲ್ಲರಿಗಿಂತ ಮೇಲೆ ಅವನೇ ಎಂದೆ. ಅವರು ಗಹಗಹಿಸಿ ನಕ್ಕರು. ನಾನು ನಗದಿದ್ದುದನ್ನು ನೋಡಿ ಅವರ ನಗುವೂ ನಿಂತಿತು.

"ಇಲ್ಲಿ ಎ ಬಂದರೆ ಒಂದು ಪಾಯಿಂಟು, ಬಿ ಬಂದರೆ ಎರಡು, ಸಿ ಬಂದರೆ ಮೂರು. ಮೂರು ವಿಷಯ ಕೂಡಿಸುತ್ತೇವೆ. ಕಮ್ಮಿ ಬಂದಷ್ಟೂ ಜಾಣರು. ಮೂರಕ್ಕಿಂತ ಕಮ್ಮಿ ಬರುವುದಕ್ಕೇ ಆಗುವುದಿಲ್ಲ. ನಾಲ್ಕು ತಂದವರು ಯಾರಾದರೂ ಇದ್ದರೇ?" ಎಂದರು.

ಸುಲಿಯುತ್ತಿದ್ದ ಕಡಲೆಕಾಯಿಯನ್ನು ಕೆಳಗಿಟ್ಟೆ. ಎರಡು ಎ, ಒಂದು ಬಿ ತಂದ ಹುಡುಗಿಗೆ ನಾನು ಚೆನ್ನಾಗಿ ಓದಬೇಕಿತ್ತು ಎಂದು ಬುದ್ಧಿ ಹೇಳಿ ಕಳಿಸಿದ್ದೆ. ಅದೂ ಅವಳಮ್ಮನ ಎದುರಿಗೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಾನೇ ಎಷ್ಟು ಮಕ್ಕಳಿಗೆ ಹೇಳಿಲ್ಲ! ಕಾಲೇಜಿನವರ ನಿಯಮವೇ ಹಾಗೆ ಎಂದು ಹೇಳಿ ಕೈತೊಳೆದುಕೊಳ್ಳೋಣ ಎಂದೂ ಒಂದು ಕ್ಷಣ ಅನ್ನಿಸಿತು. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗೆ. ತಿಂದದ್ದು ನಾನು, ಸಿಪ್ಪೆ ಇನ್ನೂ ಮಡಿಲಲ್ಲೇ ಇತ್ತು.

ಅಲ್ಲಿಂದಲೇ ಕಾಲೇಜಿನ ಮ್ಯಾನೇಜರ್ ರಂಗಸ್ವಾಮಿಯವರಿಗೆ ಫೋನ್ ಮಾಡಿದೆ.

"ಏನ್ ಮೇಡಮ್ನೋರೆ ಇಂಗಂತೀರಾ? ಒಂಬತ್ತು ಅಂತ ನೀವೇ ಮೇಲ್ಗಡೆ ಬರ್ದಿದ್ದು. ನಾವೂ ಒಂಬತ್ತು ಅಂದ್ರೆ ದೊಡ್ದು ಅಂತಾನೆ ಅಂದ್ಕಂಡ್ವಿ."

"ತಪ್ಪು ನನ್ನದೇ. ಆ ಹುಡುಗನ ಸೀಟು ಕಿತ್ಕೊಳ್ಳೋದು ಬೇಡ. ಈ ಹುಡುಗಿಗೆ ಇನ್ನೊಂದು ಕೊಡಿ."

ಅವರು ಪ್ರಿನ್ಸಿಪಾಲರ ಹತ್ತಿರ ಮಾತಾಡಿ ಅರ್ಧ ಗಂಟೆಯಲ್ಲಿ ತಿರುಗಿ ಫೋನ್ ಮಾಡಿದರು. "ಆಯ್ತು ಮೇಡಂ, ಫೀಸ್ ಬುಟ್ಬುಡ್ತೀವಿ ಅಂದ್ರು. ಆದ್ರೆ ಹೆಣ್ಮಕ್ಕಳ ಹಾಸ್ಟ್ಲಲ್ಲಿ ಒಂದ್ ಮಂಚಾನೂ ಖಾಲಿ ಇಲ್ಲ. ಉಳ್ಕಳ್ಳೋಕೆ ಗೊತ್ತಿರೋರ ಮನೆ ತೋರ್ಸಿದ್ರೆ ಮಾತ್ರ ಲೆಟರ್ ಕೊಡ್ತಾರಂತೆ. ಸೋಮವಾರದೊಳಗೆ ಹೇಳ್ಬುಡಿ."

ಹೀಗೆ ಒಬ್ಬ ಹುಡುಗಿಯ ಓದು ಒಂದು ಮಂಚಕ್ಕೆ ಬಂದು ನಿಂತಿತು. ಮಧುಗಿರಿಗೆ ಫೋನ್ ಮಾಡಿದೆ. ಅಕ್ಕ ಅಲ್ಲಿ ಬೆಟ್ಟದ ಬುಡದ ಬೀದಿಯಲ್ಲಿ ಶಾಲಾ ಸಮವಸ್ತ್ರ ಹೊಲಿಯುತ್ತಾಳೆ; ಭಾವ ಅಂಗಡಿ ನೋಡಿಕೊಳ್ಳುತ್ತಾರೆ. ಅಕ್ಕನಿಗೆ ಸಿಟ್ಟು ಬಂದರೆ ಹುಟ್ಟಿದೂರಿನ ತೆಲುಗು ಬರುತ್ತದೆ. ನಡೆದದ್ದೆಲ್ಲ ಹೇಳಿ ಮುಗಿಸುವುದರೊಳಗೆ ಬಂತು.

"ನೀಕೇಮನ್ನಾ ಬುದ್ಧಿ ಉಂದಾ? ಇಪ್ಪತ್ ವರ್ಷ ಮಕ್ಳ ಮಾರ್ಕ್ಸ್ ನೋಡ್ದೋಳು ಕಣೇ ನೀನು! ಒಬ್ರನ್ನ ಕೇಳ್ಬಾರ್ದಾ?"

ನಾನು ಸೆರಗಿನಿಂದ ಮೂಗೊರೆಸಿಕೊಂಡೆ. ಅವಳ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಅಳ್ತಾ ಇದೀಯೇನೇ? ಅಳ್ಬ್ಯಾಡ ಬುಡು. ಮಂಚ ತಾನೆ? ನಿನ್ ಮಂಚ ಐತಲ್ಲ, ಕಿಟ್ಕಿ ಪಕ್ದಾಗೆ. ಅದ್ರ ಮ್ಯಾಲೆ ಬಟ್ಟೆ ಗಂಟು ಇಟ್ಟಿದೀನಿ, ಎತ್ತಿಡ್ತೀನಿ. ಕೊರಟಗೆರೆಗೆ ಬಸ್ಸೇನ್ ಕಮ್ಮಿ ಐತಾ?"

"ಭಾವನ್ನ ಕೇಳಲ್ವಾ?"

"ನಿನ್ನ ಓದುಸ್ದಾಗ ಅವ್ರನ್ನ ಕೇಳಿದ್ನಾ? ಅವ್ಳಿಗೆ ಮುದ್ದೆ ನುಂಗಕ್ ಬರುತ್ತಾ ಹೇಳು."

"ಇವರು ಅಗೀತಾರೆ ಅಕ್ಕ."

"ಅಗೀಲಿ ಬುಡು. ನಾಕ್ ದಿನಕ್ಕೆ ಕಲ್ತಾಳೆ."

ಭಾನುವಾರ ಬೆಳಿಗ್ಗೆ ಕೊಂಡೋವಾ ರಸ್ತೆಯ ವ್ಯಾನು ಹತ್ತಿದೆ. ಡಾಲಾಡಾಲಾ ಎನ್ನುತ್ತಾರೆ, ನಮ್ಮ ಪಾವಗಡದ ಟೆಂಪೋಗಳ ಹಾಗೆ, ಇನ್ನು ಜಾಗವಿಲ್ಲ ಎಂದಾದ ಮೇಲೆ ಇನ್ನೂ ಆರು ಜನ ಹತ್ತುತ್ತಾರೆ. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿದೆ. ಹಳ್ಳಿಯಲ್ಲಿ ಇಳಿದಾಗ ಮಕ್ಕಳು "ಮ್ಹಿಂದಿ, ಮ್ಹಿಂದಿ" ಎಂದು ಹಿಂದೆ ಬಂದವು, ಇಂಡಿಯಾದವಳು ಎಂದು. ಬಾಗಿಲು ಬಡಿಯುವ ಪದ್ಧತಿ ಇಲ್ಲಿಲ್ಲ, ಹೊರಗೆ ನಿಂತು "ಹೋಡಿ" ಎಂದು ಕೂಗಬೇಕು. ಕೂಗಿದೆ. ನೀಮಾಳ ತಾಯಿ ಸೊಂಟಕ್ಕೆ ಬಟ್ಟೆ ಬಿಗಿಯುತ್ತ ಹೊರಬಂದರು. ನನ್ನ ಧೂಳು ಹಿಡಿದ ಸೀರೆ ನೋಡಿ ಮೊದಲು ಅಂದದ್ದು "ಪೋಲೆ, ದೂರದ ದಾರಿ" ಎಂದು.

ಬಾಯಿಪಾಠವೆಲ್ಲ ಮರೆತುಹೋಯಿತು. ಅವರು ನನಗಿಂತ ಏಳೆಂಟು ವರ್ಷಕ್ಕಾದರೂ ದೊಡ್ಡವರು. ಅಲ್ಲಿಯವರೆಗೆ ನಾನು ಟೀಚರು ಎಂದು ಅವರೇ ನನಗೆ ಬಾಗುತ್ತಿದ್ದರು. ನಾನು "ಶಿಕಾಮೋ, ಮಾಮಾ ನೀಮಾ" ಎಂದೆ. ಆ ಮಾತಿನ ಹಳೆಯ ಅರ್ಥ ಆವತ್ತು ನನಗೆ ಸರಿಯಾಗಿ ಬೇಕಾಗಿತ್ತು. ಅವರು ಬೆಚ್ಚಿದರು, ಆಮೇಲೆ ನಿಧಾನವಾಗಿ "ಮರಹಬಾ" ಎಂದರು. ಜಗುಲಿಯ ಮೇಲೆ ಕೂತು ನನ್ನ ಅರೆಬರೆ ಸ್ವಾಹಿಲಿಯಲ್ಲಿ ಎಲ್ಲ ಹೇಳಿದೆ. ನಿಮ್ಮ ಮಗಳೇ ಮೊದಲನೆಯವಳು, ಲಿಸ್ಟನ್ನು ತಲೆಕೆಳಗು ಮಾಡಿದವಳು ನಾನು ಎಂದೆ.

ನೀಮಾ ಒಳಗಿನಿಂದ ಬಂದು ಕಂಬಕ್ಕೊರಗಿ ನಿಂತಿದ್ದಳು.

"ನಿನಗೆ ಗೊತ್ತಿತ್ತಲ್ಲ, ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ನೀವು ದೊಡ್ಡವರು, ಮ್ವಾಲಿಮು. ನಿಮ್ಮ ದೇಶದಲ್ಲಿ ಬೇರೆ ಥರ ಇರಬಹುದು ಅಂದುಕೊಂಡೆ."

ನನಗೆ ಮಧುಗಿರಿಯ ಆ ಬೋರ್ಡು ಕಣ್ಣ ಮುಂದೆ ಬಂತು. "ಅಲ್ಲಿಗೆ ಹೋದ ಮೇಲೆ ಯಾರು ತಪ್ಪು ಹೇಳಿದರೂ ತಪ್ಪು ಅನ್ನಬೇಕು. ಮೊದಲು ನನ್ನಿಂದ ಶುರುಮಾಡು" ಎಂದೆ. ಅವಳು ತಾಯಿಯ ಮುಖ ನೋಡಿ, ತಡೆದು, "ನಿಮ್ಮದು ತಪ್ಪು, ಮ್ವಾಲಿಮು" ಎಂದಳು. ಹೇಳಿದ ಮೇಲೆ ಬಾಯಿಗಿಡಲು ಸೆರಗಿಲ್ಲದೆ ಅಂಗೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. ನನಗಂತೂ ಎದೆಯ ಮೇಲಿನ ಬಂಡೆ ಇಳಿದಂತಾಯಿತು.

ತಾಯಿಗೆ ಬೇರೆಯದೇ ಚಿಂತೆ. ಅಷ್ಟು ದೂರದಲ್ಲಿ ಇವಳು ಯಾರ ಮನೆಯಲ್ಲಿರುತ್ತಾಳೆ? ನನ್ನ ಅಕ್ಕನ ಮನೆಯಲ್ಲಿ ಎಂದೆ. "ಒಡಹುಟ್ಟಿದ ಅಕ್ಕನೇ?" ಹೌದು. ಅವರು ಮಗಳ ಕಡೆ ತಿರುಗಿ, "ಹಾಗಾದರೆ ಅವರು ನಿನಗೆ ಮಾಮಾ ಮ್ಕುಬ್ವಾ. ಇವರು ಮಾಮಾ ಮ್ದೋಗೊ" ಎಂದರು. ಒಂದರ ಅರ್ಥ ದೊಡ್ಡ ಅಮ್ಮ, ಇನ್ನೊಂದರದು ಚಿಕ್ಕ ಅಮ್ಮ. ನಮ್ಮ ದೊಡ್ಡಮ್ಮ, ಚಿಕ್ಕಮ್ಮ ಇದ್ದ ಹಾಗೇ. ಆಮೇಲೆ ಇಬ್ಬರೂ ಸೇರಿ ಉಗಾಲಿ ತಿರುವಿದೆವು. ಕೋಲು ಹಿಡಿದು ತಿರುವುವುದರಲ್ಲಿ ನಾನೇ ಮೇಲು ಎಂದು ಅವರೇ ಒಪ್ಪಿದರು.

ಪಾಸ್‌ಪೋರ್ಟು, ವೀಸಾ ಎಂದು ಎರಡು ತಿಂಗಳು ಓಡಾಡಿದೆವು. ಟಿಕೆಟ್ಟಿಗೆ ಅವರ ಚರ್ಚಿನವರು ಕೈಹಿಡಿದರು. ಎಮ್ಯಾನುಯೆಲ್ ಮತ್ತು ನೀಮಾ ಒಂದೇ ವಿಮಾನದಲ್ಲಿ ಹೋದರು. ಈಗ ನೀಮಾ ದಿನವೂ ಮಧುಗಿರಿಯಿಂದ ಕೊರಟಗೆರೆ ಬಸ್ಸು ಹತ್ತುತ್ತಾಳೆ. ಬಸ್‌ಸ್ಟ್ಯಾಂಡಿನಲ್ಲಿ ಜನ ನೋಡುತ್ತಾರಂತೆ, ಕೇಳಬಾರದ್ದನ್ನೂ ಕೇಳುತ್ತಾರಂತೆ. ಒಬ್ಬ ಕೂದಲು ಮುಟ್ಟಿ ನೋಡಿದನಂತೆ. ಅಕ್ಕ ಅಲ್ಲೇ ಇದ್ದಳು, ಅವನಿಗೆ ತೆಲುಗಿನಲ್ಲಿ ಮಂಗಳಾರತಿ ಎತ್ತಿದ್ದಾಳೆ. ಇಲ್ಲಿ ನನ್ನ ಹಿಂದೆ ಕೂಗಿಕೊಂಡು ಬರುವ ಮಕ್ಕಳು ಕೈ ಬೀಸಿದರೆ ನಕ್ಕು ಓಡುತ್ತವೆ. ನಮ್ಮ ಬಸ್‌ಸ್ಟ್ಯಾಂಡಿನ ದೊಡ್ಡವರಿಗಿಂತ ಅವು ವಾಸಿ ಎಂದು ಬರೆಯಲು ನನಗೆ ಬೇಸರವಿದೆ, ಆದರೂ ಬರೆಯುತ್ತೇನೆ.

ಹೋದ ವಾರ ಅಕ್ಕ ಫೋನಿನಲ್ಲಿ, "ಜಡೆ ಹಾಕಾಣ ಅಂದ್ರೆ ಬೆರಳಿಗೇ ಸಿಗಲ್ಲ ಕಣೇ ಅವ್ಳ ಕೂದ್ಲು. ಅವ್ಳೇ ಕೂತ್ಕಂಡು ಸಣ್ ಸಣ್ಣಗೆ ಇಪ್ಪತ್ ಜಡೆ ಎಣ್ಕಂಡವ್ಳೆ. ಎಂಗ್ ಕಾಣ್ತಾಳೆ ಗೊತ್ತಾ!" ಎಂದಳು. ನಾನು ಏಪ್ರಿಲ್‌ನಲ್ಲಿ ರಜೆಗೆ ಬರುತ್ತೇನೆ ಎಂದೆ. "ಬಾ, ಬಾ. ಮಂಚ ಮಾತ್ರ ಇಲ್ಲ ಕಣಮ್ಮ. ನಂಜೊತೆ ನೆಲದ್ ಮ್ಯಾಲೆ ಮಲಕ್ಕಬೇಕು" ಎಂದಳು. ಮಲಗಿದರೆ ಬೆಟ್ಟ ಕಾಣುವ ಮಂಚ ಅದು. ಈಗ ಆ ಬೆಟ್ಟ ನೀಮಾಳದು. ನಾನು ಭಾನುವಾರ ಅವಳ ತಾಯಿಯ ಮನೆಗೆ ಹೋಗುತ್ತೇನೆ. ಉಂಡು, ಅವಳು ಮಲಗುತ್ತಿದ್ದ ಚಾಪೆಯ ಮೇಲೆ ಒಂದು ನಿದ್ದೆ ತೆಗೆದು ಬರುತ್ತೇನೆ. ಸುಖವಾಗಿದ್ದೇನೆ. ಯಾವ ಊರಲ್ಲಿ ಎಂದು ಕೇಳಿದರೆ ಮಾತ್ರ ತಡವರಿಸುತ್ತೇನೆ.

ಒಂದು ಸಂಗತಿ ಹೇಳುವುದು ಉಳಿಯಿತು. ಹೊರದೇಶದವರನ್ನು ಮನೆಯಲ್ಲಿ ಇಟ್ಟುಕೊಂಡರೆ ಪೊಲೀಸರಿಗೆ ತಿಳಿಸಬೇಕು. ನೀಮಾ ಬಂದ ಮಾರನೆಯ ದಿನವೇ ಅಕ್ಕ ಅವಳನ್ನು ಕರೆದುಕೊಂಡು ಸ್ಟೇಷನ್ನಿಗೆ ಹೋಗಿದ್ದಳಂತೆ. "ಹುಡ್ಗಿ ನಿಮಗೇನಾಗ್ಬೇಕಮ್ಮ ಅಂತ ಕೇಳ್ದ. ತಂಗಿ ಮಗಳು ಕಣಪ್ಪ, ಬರ್ಕೋ ಅಂದೆ. ಅವ್ಳ ಮುಖ ನೋಡ್ದ, ನನ್ ಮುಖ ನೋಡ್ದ. ಬರ್ಕಂಡ." ಅಕ್ಕ ಇದನ್ನು ಹೇಳಿ ಬೇರೆ ಮಾತಿಗೆ ಹೋದಳು. ಅವಳಿಗಿರುವ ತಂಗಿ ನಾನೊಬ್ಬಳೇ.

ಮೊನ್ನೆ ಸಂತೆಗೆ ಹೋಗಿದ್ದೆ. ಕಡಲೆಬೀಜದ ಮುದುಕಿಗೆ ಈಗ ಕಣ್ಣು ಮಂಜು, ನನ್ನನ್ನು ಗುರುತಿಸದೆ ಮತ್ತೆ "ಮಾಮಾ ನಾನಿ?" ಎಂದಳು.

"ಮಾಮಾ ನೀಮಾ," ಎಂದೆ. "ಮಗಳು ಓದುತ್ತಿದ್ದಾಳೆ."

"ಎಲ್ಲಿ?" ಎಂದಳು ಮುದುಕಿ, ಬೀಜ ಅಳೆಯುತ್ತ.

"ನಮ್ಮೂರಲ್ಲಿ," ಎಂದೆ.